ಹಳೇ ಬೇಸ್‌ಬಾಲ್ ಕಾರ್ಡಿಗೆ ಗ್ರೇಡಿಂಗ್ ಬೇಕಾ? ದುಡ್ಡು ಕಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಗ್ರೇಡಿಂಗ್ ಅಂದರೆ ಆಟಗಾರರ ಚಿತ್ರವಿರುವ ಈ ಕಾರ್ಡು ಅಸಲಿಯಾ, ಯಾವ ಸ್ಥಿತಿಯಲ್ಲಿದೆ ಅಂತ ಕಂಪನಿಯೊಂದು ನೋಡಿ ಅಂಕ ಕೊಡುವುದು. ಬಹುಪಾಲು ಕಾರ್ಡುಗಳಿಗೆ ಅದು ಬೇಡ. ಕೆಲವಕ್ಕೆ ಖಂಡಿತ ಬೇಕು. ನಿಮ್ಮ ಕೈಯಲ್ಲಿರುವುದು ಯಾವ ಗುಂಪಿನದು ಅಂತ ಮನೆಯಲ್ಲೇ ಕೂತು ಕಂಡುಕೊಳ್ಳಬಹುದು. ಅದಕ್ಕೆ ಒಂದು ಸ್ಕೇಲು, ಒಂದು ಮಸೂರ, ಒಂದು ಯುವಿ ಟಾರ್ಚ್ ಮತ್ತು ಸ್ವಲ್ಪ ತಾಳ್ಮೆ ಸಾಕು.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಿಗೆ ಈ ಪ್ರಶ್ನೆ ಸಾಮಾನ್ಯವಾಗಿ ಎರಡು ದಾರಿಯಲ್ಲಿ ಎದುರಾಗುತ್ತದೆ. ಮಕ್ಕಳು ಚಿಕ್ಕವರಿದ್ದಾಗ ಕೂಡಿಟ್ಟ ಕಾರ್ಡಿನ ಡಬ್ಬ ಬೇಸ್‌ಮೆಂಟಿನಲ್ಲಿ ಬಿದ್ದಿರುತ್ತದೆ. ಇಲ್ಲವೇ ಎಸ್ಟೇಟ್ ಸೇಲ್‌ನಲ್ಲೋ ಫ್ಲೀ ಮಾರ್ಕೆಟ್‌ನಲ್ಲೋ ಒಂದು ಹಳೇ ಆಲ್ಬಮ್ ಸಿಕ್ಕಿರುತ್ತದೆ. ಮೊದಲನೆಯ ಗುಂಪಿನವರಿಗೆ ಬೇಸರದ ಮಾತು ಈಗಲೇ ಹೇಳಿಬಿಡುತ್ತೇನೆ. 1980ರ ದಶಕದ ಕೊನೆ ಮತ್ತು 90ರ ದಶಕದ ಶುರುವಿನ ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದರು. ಆ ಕಾಲಕ್ಕೆ ಇಟ್ಟ ಹೆಸರೇ 'ಜಂಕ್ ವ್ಯಾಕ್ಸ್'. ಆಗಿನ ಕಾರ್ಡುಗಳಲ್ಲಿ ಬಹಳಷ್ಟಕ್ಕೆ 10ಕ್ಕೆ 10 ಬಂದರೂ ಗ್ರೇಡಿಂಗ್ ಫೀಸು ಹುಟ್ಟುವುದು ಕಷ್ಟ. ವಿಂಟೇಜ್ ಅನ್ನುವ ಮಾತು ಹೊಂದುವುದು ಹೆಚ್ಚುಕಡಿಮೆ 1980ಕ್ಕಿಂತ ಹಿಂದಿನವಕ್ಕೆ. ಎರಡನೇ ಮಹಾಯುದ್ಧಕ್ಕೂ ಮೊದಲಿನವು ಇನ್ನೊಂದು ಮೆಟ್ಟಿಲು ಮೇಲೆ. ಇಲ್ಲಿ ಹೇಳುವುದೆಲ್ಲ ಇವೆರಡರ ಬಗ್ಗೆ.

ಆ ಅಂಕ ಏನು ಹೇಳುತ್ತದೆ

ಗ್ರೇಡಿಂಗ್ ಕಂಪನಿಗೆ ನೀವು ಕಾರ್ಡ್ ಕಳಿಸುತ್ತೀರಿ. ಅದು ಅಸಲಿಯಾ, ಯಾರಾದರೂ ತಿದ್ದಿದ್ದಾರಾ ಅಂತ ಅವರು ನೋಡುತ್ತಾರೆ. 1ರಿಂದ 10ರೊಳಗೆ ಒಂದು ಅಂಕ ಕೊಡುತ್ತಾರೆ. ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಸೀಲ್ ಮಾಡಿ, ನಂಬರ್ ಹಾಕಿ ವಾಪಸ್ ಕಳಿಸುತ್ತಾರೆ. ಈ ಕವಚಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಗ್ರೇಡ್ ಆಗದ ಬಿಡಿ ಕಾರ್ಡು ರಾ ಕಾರ್ಡ್.

ಇದನ್ನು ಚಿನ್ನದ ಹಾಲ್‌ಮಾರ್ಕ್ ಥರ ಅಂದುಕೊಳ್ಳಬೇಡಿ. ಚಿನ್ನದಲ್ಲಿ ಲೋಹವನ್ನೇ ಪರೀಕ್ಷೆ ಮಾಡಿ ಅಳೆಯುತ್ತಾರೆ. ಇಲ್ಲಿ ಕೊನೆಗೂ ಅನುಭವಿ ಕಣ್ಣೊಂದು ದೀಪದ ಕೆಳಗೆ ನೋಡಿ ತನ್ನ ಅಭಿಪ್ರಾಯ ಹೇಳುತ್ತದೆ. ಅದೇ ಕಾರ್ಡನ್ನು ಇನ್ನೊಮ್ಮೆ ಕಳಿಸಿದರೆ 5 ಇದ್ದದ್ದು 6 ಆಗಬಹುದು. 4 ಕೂಡ ಆಗಬಹುದು.

ಇದಕ್ಕೆ ದೊಡ್ಡ ಉದಾಹರಣೆ ಈ ಉದ್ಯಮದ ಮೊದಲ ಪುಟದಲ್ಲೇ ಇದೆ. 1991ರಲ್ಲಿ ಶುರುವಾದ ಪಿಎಸ್‌ಎ ಕಂಪನಿ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡು ಹೋನಸ್ ವ್ಯಾಗ್ನರ್ ಆಟಗಾರನ ಟಿ206. ಸಿಗರೇಟ್ ಪ್ಯಾಕಿನೊಳಗೆ 1909ರಿಂದ 1911ರ ವರೆಗೆ ಬಂದ ಸೆಟ್ಟು ಅದು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಸೇರಿ ಆ ಕಾರ್ಡನ್ನು ಹರಾಜಿನಲ್ಲಿ 4,51,000 ಡಾಲರ್‌ಗೆ ಕೊಂಡಿದ್ದರು. ಪಿಎಸ್‌ಎ ಅದಕ್ಕೆ 8 ಕೊಟ್ಟಿತು. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಹೋಯಿತು. ಹರಾಜು ವ್ಯಾಪಾರಿ ಬಿಲ್ ಮಾಸ್ಟ್ರೊ ಮೊದಲು ಆ ಕಾರ್ಡನ್ನು ಕೊಂಡು ಮಾರಿದವನು. ಅದರ ಅಂಚನ್ನು ಕತ್ತರಿಸಿದ್ದು ತಾನೇ ಅಂತ ಅವನು 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ನಿಯಮದ ಪ್ರಕಾರ ಅಂಕವೇ ಸಿಗಬಾರದು.

ಇಷ್ಟಾದರೂ ಮಾರುಕಟ್ಟೆ ಸ್ಲ್ಯಾಬ್ ನಂಬುತ್ತದೆ. ಯಾಕೆಂದರೆ ಕೊಳ್ಳುವವನು ಸಾವಿರಾರು ಮೈಲಿ ದೂರದಲ್ಲಿ ಮೊಬೈಲಿನಲ್ಲಿ ಎರಡು ಫೋಟೋ ನೋಡುತ್ತಿರುತ್ತಾನೆ. ಮಾರುವವನ ಮಾತಿಗಿಂತ ಮೂರನೆಯವರ ಮಾತು ಅವನಿಗೆ ವಾಸಿ. ಗ್ರೇಡಿಂಗ್‌ಗೆ ಕೊಡುವ ದುಡ್ಡು ಈ ಅನುಮಾನ ಕಳೆಯುವುದಕ್ಕೆ ಕೊಡುವ ದುಡ್ಡು. ಅನುಮಾನವೇ ಹುಟ್ಟದ ಅಗ್ಗದ ಕಾರ್ಡಿಗೆ ಆ ಖರ್ಚು ದಂಡ.

ಹಂತ 1: ಯಾವ ಕಾರ್ಡು ಅಂತ ಗುರುತಿಸಿ

ಹಿಂಬದಿ ತಿರುಗಿಸಿ. ಬಹುತೇಕ ಕಾರ್ಡುಗಳಲ್ಲಿ ನಂಬರ್ ಅಲ್ಲೇ ಇರುತ್ತದೆ. ಟಾಪ್ಸ್, ಬೋಮನ್, ಗೌಡಿ ಅಂತ ಕಂಪನಿ ಹೆಸರೂ ಸಿಗಬಹುದು. ವರ್ಷ ಬರೆದಿರದಿದ್ದರೆ ಹಿಂಬದಿಯ ಅಂಕಿಅಂಶ ಯಾವ ಸೀಸನ್ನಿಗೆ ನಿಂತಿದೆ ನೋಡಿ. ಕಾರ್ಡು ಸಾಮಾನ್ಯವಾಗಿ ಅದರ ಮುಂದಿನ ವರ್ಷದ್ದು. ಟಿ206 ಸೆಟ್ಟಿನಲ್ಲಿ ನಂಬರ್ ಇಲ್ಲ. ಹಿಂದೆ ಸಿಗರೇಟ್ ಬ್ರ್ಯಾಂಡಿನ ಜಾಹೀರಾತು ಇರುತ್ತದೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಎಲ್ಲೆಲ್ಲೂ ಸಿಗುತ್ತವೆ. ಕೆಲವು ಬ್ರ್ಯಾಂಡುಗಳು ಎಷ್ಟು ಅಪರೂಪ ಅಂದರೆ ಮುಂಬದಿಯಲ್ಲಿರುವ ಆಟಗಾರ ಯಾರೇ ಇರಲಿ, ಹಿಂಬದಿಯೇ ಬೆಲೆ ಕಟ್ಟುತ್ತದೆ.

ಆಮೇಲೆ ಆಟಗಾರನನ್ನು ನೋಡಿ. ಬೆಲೆ ನಿಂತಿರುವುದು ದೊಡ್ಡ ಹೆಸರುಗಳ ಮೇಲೆ, ಅದರಲ್ಲೂ ಅವರ ಮೊದಲ ಕಾರ್ಡುಗಳ ಮೇಲೆ. 1933ರ ಗೌಡಿಯಲ್ಲಿ ಬೇಬ್ ರೂತ್‌ನ ನಾಲ್ಕು ಕಾರ್ಡುಗಳಿವೆ: 53, 144, 149, 181. 1951ರ ಬೋಮನ್‌ನಲ್ಲಿ ಮಿಕ್ಕಿ ಮ್ಯಾಂಟಲ್ 253, ವಿಲ್ಲಿ ಮೇಸ್ 305. 1952ರ ಟಾಪ್ಸ್‌ನಲ್ಲಿ ಮ್ಯಾಂಟಲ್ 311. 1954ರ ಟಾಪ್ಸ್‌ನಲ್ಲಿ ಹ್ಯಾಂಕ್ ಆರನ್ 128. 1955ರಲ್ಲಿ ಸ್ಯಾಂಡಿ ಕೋಫ್ಯಾಕ್ಸ್ 123, ರಾಬರ್ಟೊ ಕ್ಲೆಮೆಂಟೆ 164. 1968ರಲ್ಲಿ ನೋಲನ್ ರಯಾನ್ 177. ಇಂಥವು ಕೈಗೆ ಸಿಕ್ಕರೆ ಮುಂದಿನ ಹಂತಗಳನ್ನು ನಿಧಾನವಾಗಿ ಮಾಡಿ. ಹೆಸರೇ ಕೇಳಿರದ ಆಟಗಾರ, ಮೂಲೆ ಸವೆದಿದೆ, 1960ರ ದಶಕದ ಕಾರ್ಡು ಅಂದರೆ ಅದನ್ನು ಒಂಬತ್ತು ಜೇಬಿನ ಪ್ಲಾಸ್ಟಿಕ್ ಹಾಳೆಗೆ ಸೇರಿಸಿ ಸುಮ್ನಿದ್ದುಬಿಡಿ.

ಹಂತ 2: ಅಸಲಿಯಾ?

ದೊಡ್ಡ ಹೆಸರಿನ ಕಾರ್ಡು ಅಂದರೆ ಮೊದಲ ಊಹೆ ನಕಲಿ ಅಂತಲೇ ಇರಲಿ.

ಸ್ಕೇಲಿನಿಂದ ಶುರು ಮಾಡಿ. 1952ರ ಟಾಪ್ಸ್ ಕಾರ್ಡು ಸುಮಾರು 66.7 x 95.3 ಮಿಲಿಮೀಟರ್. ಈಗಿನ ಅಳತೆ 63.5 x 88.9. ಟಾಪ್ಸ್ 1957ರಿಂದ ಈ ಸಣ್ಣ ಅಳತೆಗೆ ಬಂದಿತು. 1983ರಲ್ಲಿ ಟಾಪ್ಸ್ ಕಂಪನಿಯೇ ತನ್ನ 1952ರ ಸೆಟ್ಟನ್ನು ಈ ಸಣ್ಣ ಅಳತೆಯಲ್ಲಿ ಮರುಮುದ್ರಿಸಿತು. 'ಅಜ್ಜನ ಕಾಲದ ಮ್ಯಾಂಟಲ್' ಅಂತ ಜನ ತೋರಿಸುವ ಕಾರ್ಡು ಹಲವು ಸಲ ಇದೇ ಆಗಿರುತ್ತದೆ. ಸ್ಕೇಲು ಇಟ್ಟರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಟಿ206 ಇನ್ನೂ ಚಿಕ್ಕದು, ಸುಮಾರು 36.5 x 66.7 ಮಿಲಿಮೀಟರ್.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿಯಿರಿ. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು. ಹಳೇ ಅಚ್ಚಿನಲ್ಲಿ ಆಟಗಾರನ ಹೆಸರು, ಚೌಕಟ್ಟಿನ ಕಪ್ಪು ಗೆರೆ ಇವೆಲ್ಲ ತುಂಬಿದ ಮಸಿ. ಅಸಲಿ ಕಾರ್ಡನ್ನು ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದರೆ ಆ ಅಕ್ಷರಗಳೂ ಚುಕ್ಕೆಗಳಾಗಿ ಒಡೆಯುತ್ತವೆ. ಅಕ್ಷರದೊಳಗೆ ಚುಕ್ಕೆ ಕಂಡರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಯುವಿ ಟಾರ್ಚ್. ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ದೀಪವೇ ಸಾಕು. ಈಚಿನ ಕಾಗದಕ್ಕೆ ಬಿಳುಪು ಬರಲೆಂದು ಹಾಕುವ ರಾಸಾಯನಿಕ ಈ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಯುದ್ಧಕ್ಕೆ ಮೊದಲಿನ ಕಾಗದದಲ್ಲಿ ಅದು ಇರಲಿಲ್ಲ. 1910ರ ಕಾರ್ಡು ಕತ್ತಲಲ್ಲಿ ಫಳಫಳ ಅಂದರೆ ಅದು ನಕಲಿ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಹೊಳೆಯದಿದ್ದರೆ ಮಾತ್ರ ಅಸಲಿ ಅಂತ ತೀರ್ಮಾನಿಸಬೇಡಿ. ಹಳೇ ಕಾಗದ ಹುಡುಕಿ ಅಚ್ಚು ಹಾಕುವವರೂ ಇದ್ದಾರೆ.

ಹಂತ 3: ಕತ್ತರಿ, ಪೆನ್ನು, ಇಸ್ತ್ರಿ

ಗ್ರೇಡಿಂಗ್‌ಗೆ ಕಳಿಸಿ ಜನ ಅತಿ ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. ಕಾರ್ಡು ಅಸಲಿಯೇ, ಆದರೆ ಐವತ್ತು ವರ್ಷದಲ್ಲಿ ಯಾರೋ ಒಬ್ಬರು ಅದನ್ನು 'ಸರಿ' ಮಾಡಿರುತ್ತಾರೆ. ಹಾಗಾದಾಗ ಅಂಕ ಸಿಗುವುದಿಲ್ಲ. ಲೇಬಲ್ ಮೇಲೆ 'ಅಥೆಂಟಿಕ್' ಅಥವಾ 'ಆಲ್ಟರ್ಡ್' ಅಂತ ಬರುತ್ತದೆ, ಬೆಲೆ ಬಿದ್ದುಹೋಗುತ್ತದೆ.

ಮೊದಲು ಅಂಚು ನೋಡಿ. ಮುಖವೆಲ್ಲ ಸವೆದು, ಮೂಲೆ ಮಾತ್ರ ಸೂಜಿಯಂತಿದ್ದರೆ ಯಾರೋ ಕತ್ತರಿಸಿದ್ದಾರೆ. ಅದೇ ಸೆಟ್ಟಿನ ಅಗ್ಗದ ಒಂದು ಕಾರ್ಡು ಪಕ್ಕದಲ್ಲಿಟ್ಟು ಅಳತೆ ಹೋಲಿಸಿ. ನಾಲ್ಕೂ ಬದಿ ನೇರವಿದೆಯಾ, ಮಧ್ಯೆ ಒಳಕ್ಕೆ ಬಾಗಿದೆಯಾ, ಒಂದು ಅಂಚು ಮಾತ್ರ ಉಳಿದ ಮೂರಕ್ಕಿಂತ ಬಿಳಿಯಾಗಿ ಹೊಸದರಂತೆ ಕಾಣುತ್ತಾ? ಆದರೆ ಅಳತೆಯೊಂದನ್ನೇ ನಂಬಿಕೊಂಡು ಕೂರಬೇಡಿ. ಆ ಕಾಲದ ಕಾರ್ಖಾನೆ ಕಟಿಂಗ್ ಅಷ್ಟೊಂದು ಕರಾರುವಾಕ್ಕಾಗಿರಲಿಲ್ಲ. ಟಿ206ರಲ್ಲಿ ಅಮೆರಿಕನ್ ಬ್ಯೂಟಿ ಸಿಗರೇಟಿನ ಹಿಂಬದಿಯ ಕಾರ್ಡುಗಳು ಹುಟ್ಟಿನಿಂದಲೇ ಅಗಲ ಕಡಿಮೆ. ಇದು ಗೊತ್ತಿಲ್ಲದೆ ಒಳ್ಳೇ ಕಾರ್ಡನ್ನು ಕತ್ತರಿಸಿದ್ದು ಅಂತ ಅಗ್ಗಕ್ಕೆ ಬಿಟ್ಟುಬಿಡಬಹುದು.

ಬಣ್ಣ ತುಂಬಿದ್ದಾರಾ ನೋಡುವುದಕ್ಕೆ 1971ರ ಟಾಪ್ಸ್ ಒಳ್ಳೇ ಪಾಠ. ಅದರ ಅಂಚು ಪೂರ್ತಿ ಕಪ್ಪು. ಸ್ವಲ್ಪ ತಾಗಿದರೂ ಬಿಳಿ ಕಾಗದ ಇಣುಕುತ್ತದೆ. ಹಾಗಾಗಿ ಮಾರ್ಕರ್ ಹಿಡಿದು ಬಳಿದವರು ಬಹಳ ಮಂದಿ. ಕಾರ್ಡನ್ನು ನಿಲ್ಲಿಸಿ ಅದರ ದಪ್ಪದ ಕಡೆ ಮಸೂರ ಹಿಡಿಯಿರಿ. ಮಸಿ ಕಾಗದದ ಪಕ್ಕಕ್ಕೆ ಇಳಿದು ಹೀರಿಕೊಂಡಿದ್ದರೆ ಅದು ಕಾರ್ಖಾನೆಯ ಕೆಲಸವಲ್ಲ.

ನೀವೂ ಏನೂ ಮಾಡಬೇಡಿ. ರಬ್ಬರ್ ಹಚ್ಚಿ ಉಜ್ಜಬೇಡಿ. ಮಡಿಕೆ ಹೋಗಲಿ ಅಂತ ಭಾರ ಇಟ್ಟು ಒತ್ತುವುದು, ಇಸ್ತ್ರಿ ತಾಗಿಸುವುದು ಎಲ್ಲವೂ ತಿದ್ದುಪಡಿಯೇ.

ಹಂತ 4: ಮೊದಲು ನೀವೇ ಅಂಕ ಕೊಡಿ

ಕಿಟಕಿ ಪಕ್ಕದ ಬೆಳಕಿನಲ್ಲಿ ಕಾರ್ಡನ್ನು ಓರೆ ಮಾಡಿ ಹಿಡಿಯಿರಿ. ನೇರ ನೋಡಿದರೆ ಕಾಣದ ಸುಕ್ಕು ಓರೆ ಬೆಳಕಿನಲ್ಲಿ ಗೆರೆಯಾಗಿ ಏಳುತ್ತದೆ. ಮೂಲೆ ನಾಲ್ಕೂ ಚೂಪಾಗಿದ್ದು, ಹಿಂಬದಿಯಲ್ಲಿ ಒಂದೇ ಒಂದು ಸಣ್ಣ ಸುಕ್ಕಿದ್ದರೂ 8ರ ಆಸೆ ಬಿಡಬೇಕು. 5ರ ಆಸುಪಾಸಿಗೆ ಬಂದರೆ ಪುಣ್ಯ. ಎದ್ದು ಕಾಣುವ ಮಡಿಕೆ ಇದ್ದರೆ 4ಕ್ಕಿಂತ ಕೆಳಗೆ ಅಂದುಕೊಳ್ಳಿ. ಆಲ್ಬಮ್ಮಿನಿಂದ ಕಿತ್ತಾಗ ಹಿಂಬದಿಯ ಕಾಗದ ಕಿತ್ತುಬಂದಿದ್ದರೆ, ಗುಂಡುಸೂಜಿ ತೂತಿದ್ದರೆ 1 ಅಥವಾ 2. ಆ ಕಾಲದ ಹುಡುಗರು ಕಾರ್ಡನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದರು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದರು. ಅಂಚಿನ ಕಚ್ಚುಗಳು ಅದರದೇ ಕತೆ.

ಮಧ್ಯಕ್ಕೆ ಸರಿಯಾಗಿ ಕೂತಿದೆಯಾ ಅಂತ ಅಳೆಯಿರಿ. ಎಡಗಡೆ ಬಿಳಿ ಅಂಚು 2 ಮಿಲಿಮೀಟರ್, ಬಲಗಡೆ 3 ಇದ್ದರೆ ಅದು 60/40. ಪಿಎಸ್‌ಎಯಲ್ಲಿ 8 ಬೇಕಾದರೆ ಮುಂಭಾಗ ಸುಮಾರು 65/35ರೊಳಗೆ, 7ಕ್ಕೆ 70/30ರೊಳಗೆ ಇರಬೇಕು. ಉಳಿದೆಲ್ಲ ಚೆನ್ನಾಗಿದ್ದು ಮಧ್ಯ ಮಾತ್ರ ತಪ್ಪಿದ್ದರೆ ಅಂಕದ ಪಕ್ಕ 'ಓಸಿ' ಅಂತ ಎರಡಕ್ಷರ ಸೇರಿಸುತ್ತಾರೆ. ಕಲೆಗೆ 'ಎಸ್‌ಟಿ', ಬರಹದ ಗುರುತಿಗೆ 'ಎಂಕೆ'. ಈ ಅಕ್ಷರ ಬೇಡ ಅಂತ ಫಾರ್ಮಿನಲ್ಲಿ ಮೊದಲೇ ಕೇಳಿಕೊಳ್ಳಬಹುದು. ಆಗ ಅಂಕವನ್ನೇ ಇಳಿಸಿ ಕೊಡುತ್ತಾರೆ. ನನ್ನ ಮಟ್ಟಿಗೆ ಅದೇ ವಾಸಿ. '8 ಓಸಿ' ಅಂತ ಓದಿದ ಕೂಡಲೇ ಕೊಳ್ಳುವವನ ಕಣ್ಣು ತಪ್ಪಿನ ಮೇಲೆಯೇ ನಿಲ್ಲುತ್ತದೆ.

ಕೊನೆಗೆ ನಿಮಗೆ ತೋಚಿದ ಅಂಕದಲ್ಲಿ ಒಂದು ಕಳೆಯಿರಿ. ನಮ್ಮ ಕಾರ್ಡು ನಮಗೆ ಯಾವಾಗಲೂ ಚಂದ ಅಲ್ವಾ.

ಹಂತ 5: ಲೆಕ್ಕ

ಈಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ. ಮಾರಾಟವಾದ ಬೆಲೆ ನೋಡಿ. ಅದಕ್ಕೆ ಬೇರೆ ಫಿಲ್ಟರ್ ಇದೆ. ಪಿಎಸ್‌ಎ ಸೈಟಿನಲ್ಲೂ ಹಿಂದಿನ ಹರಾಜಿನ ಬೆಲೆಗಳು ಸಿಗುತ್ತವೆ. ಅದೇ ಕಾರ್ಡು, ನೀವು ಊಹಿಸಿದ ಅದೇ ಅಂಕ, ಈಚಿನ ತಿಂಗಳುಗಳ ಮೂರ್ನಾಲ್ಕು ಮಾರಾಟ ಬರೆದುಕೊಳ್ಳಿ. ರಾ ಕಾರ್ಡಿನದೂ ಬರೆದುಕೊಳ್ಳಿ.

ಲೆಕ್ಕ ಹೀಗೆ. ಅಂಕಿಗಳು ಉದಾಹರಣೆಗಷ್ಟೇ. ಫೀಸು ಆಗಾಗ ಬದಲಾಗುತ್ತದೆ, ಕಂಪನಿಯ ಸೈಟಿನಲ್ಲಿ ಇವತ್ತಿನದು ನೋಡಿ. ಒಂದು ರಾ ಕಾರ್ಡು 40 ಡಾಲರ್‌ಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಸೈಟಿನ ಕಮಿಷನ್ 13% ಕಳೆದರೆ ಕೈಗೆ 35. ಅದೇ ಕಾರ್ಡು ಗ್ರೇಡ್ 4 ಪಡೆದು 70ಕ್ಕೆ ಹೋದರೆ, ಕಮಿಷನ್ ಕಳೆದು 61. ಗ್ರೇಡಿಂಗ್, ಅಂಚೆ, ಇನ್ಶೂರೆನ್ಸ್ ಸೇರಿ 40 ಖರ್ಚಾಗಿದ್ದರೆ ಉಳಿದದ್ದು 21. ಬೆಲೆ ಹೆಚ್ಚಿತು, ಕೈಗೆ ಬಂದದ್ದು ಕಡಿಮೆಯಾಯಿತು. ಗ್ರೇಡ್ ಮಾಡಿಸಿ ಖುಷಿಪಡುವ ಎಷ್ಟೋ ಜನ ಈ ಕಳೆಯುವ ಲೆಕ್ಕವನ್ನೇ ಹಾಕಿರುವುದಿಲ್ಲ.

ಇನ್ನೊಂದು ಕಾರ್ಡು. ರಾ ಆಗಿ 600, ಕೈಗೆ 522. ಗ್ರೇಡ್ ಆದರೆ 900. ಕಮಿಷನ್ 117, ಗ್ರೇಡಿಂಗ್ ಖರ್ಚು 100 ಕಳೆದರೆ 683. ಲಾಭ 161. ಚೆನ್ನಾಗಿದೆ. ಆದರೆ ಕತ್ತರಿಸಿದ್ದು ಅಂತ ತೀರ್ಪು ಬಂದು 350ಕ್ಕೆ ಮಾರಬೇಕಾದರೆ ಕೈಗೆ ಬರುವುದು ಸುಮಾರು 205. ಇಂಥ ಕಾರ್ಡುಗಳಲ್ಲಿ ಹತ್ತಕ್ಕೆ ಮೂರು ಹಾಗಾದರೆ ಸರಾಸರಿ 540ರ ಹತ್ತಿರ ನಿಲ್ಲುತ್ತದೆ. ಅಂದರೆ ರಾ ಮಾರಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೂರನೇ ಹಂತವನ್ನು ನೀವು ಎಷ್ಟು ಚೆನ್ನಾಗಿ ಮಾಡಿದ್ದೀರಿ ಅನ್ನುವುದರ ಮೇಲೆಯೇ ಲಾಭ ನಿಂತಿದೆ. ತಿದ್ದಿದ್ದು ಅಂತ ನಿಮಗೆ ಗೊತ್ತಾದ ಮೇಲೆ ರಾ ಮಾರುವಾಗಲೂ ಅದನ್ನು ಹೇಳಲೇಬೇಕು. ಮುಚ್ಚಿಟ್ಟರೆ ಅದು ಮೋಸ.

ವಿಂಟೇಜ್ ಕಾರ್ಡಿನ ಒಂದು ಗುಣ ಇಲ್ಲಿ ಹೇಳಬೇಕು. ಹೊಸ ಕಾರ್ಡಿಗೆ 10 ಬರದಿದ್ದರೆ ಬಹಳ ಸಲ ಕತೆ ಮುಗಿಯಿತು. ಹಳೇ ದೊಡ್ಡ ಕಾರ್ಡಿಗೆ 1 ಬಂದರೂ ಬೆಲೆ ಇದೆ. 2022ರಲ್ಲಿ ಒಂದು ವ್ಯಾಗ್ನರ್ ಬರೀ 2 ಅಂಕದೊಂದಿಗೆ 72.5 ಲಕ್ಷ ಡಾಲರ್‌ಗೆ ಹೋಯಿತು. ಅದೇ ವರ್ಷ ಅರ್ಧ ಹರಿದುಹೋದ ಇನ್ನೊಂದಕ್ಕೆ 4,75,000 ಡಾಲರ್‌ಗೂ ಜಾಸ್ತಿ ಸಿಕ್ಕಿತು. ಇಂಥ ಕಡೆ ಅಂಕ ಎರಡನೇ ಮಾತು. ಅಸಲಿ ಅನ್ನುವ ಮುದ್ರೆಯೇ ಎಲ್ಲ. ರೂತ್, ಟೈ ಕಾಬ್, ಮ್ಯಾಂಟಲ್ ಕಾರ್ಡು ಎಷ್ಟೇ ಜೀರ್ಣವಾಗಿದ್ದರೂ ಕಳಿಸಿ ಅನ್ನುವುದು ಇದಕ್ಕೇ.

ಮೇಲಿನ ತುದಿಯಲ್ಲಿ ಅಂಕವೇ ಎಲ್ಲ. 1952ರ ಟಾಪ್ಸ್ ಮ್ಯಾಂಟಲ್ 9 ಅಂಕದ್ದು 2021ರಲ್ಲಿ 52 ಲಕ್ಷ ಡಾಲರ್. 9.5ರದ್ದು 2022ರಲ್ಲಿ 1.26 ಕೋಟಿ ಡಾಲರ್. ಸಾಮಾನ್ಯ ಆಟಗಾರನ ಕಾರ್ಡಿಗೂ ಒಂದು ಅಪವಾದ ಇದೆ. ಪಿಎಸ್‌ಎಯವರು ಸೆಟ್ ರಿಜಿಸ್ಟ್ರಿ ಅಂತ ಇಟ್ಟಿದ್ದಾರೆ. ಯಾರ ಸೆಟ್ಟಿನ ಸರಾಸರಿ ಅಂಕ ಮೇಲು ಅಂತ ಅಲ್ಲಿ ಪೈಪೋಟಿ. ಹಾಗಾಗಿ ಯಾರಿಗೂ ಬೇಡವಾದ 1950ರ ದಶಕದ ಆಟಗಾರನೂ 9 ಅಂಕದಲ್ಲಿ ಬೆರಳೆಣಿಕೆಯಷ್ಟೇ ಇದ್ದರೆ ವಿಪರೀತ ಬೆಲೆಗೆ ಹೋಗುತ್ತಾನೆ. ಯಾವ ಅಂಕದಲ್ಲಿ ಎಷ್ಟು ಕಾರ್ಡು ಇವೆ ಅಂತ ಪಾಪ್ಯುಲೇಷನ್ ರಿಪೋರ್ಟ್‌ನಲ್ಲಿ ನೋಡಬಹುದು. ಆ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಸ್ಲ್ಯಾಬ್ ಒಡೆದು ಮತ್ತೆ ಕಳಿಸಿದ ಕಾರ್ಡು ಎರಡೆರಡು ಸಲ ಎಣಿಕೆಯಾಗಿರುತ್ತದೆ.

ಮಾರುವ ಯೋಚನೆಯೇ ಇಲ್ಲ ಅಂದರೆ? ಆಗ ಲೆಕ್ಕ ಬೇರೆ. ಸೆಟ್ಟು ಪೂರ್ತಿ ಮಾಡಿ ಆಲ್ಬಮ್ ತಿರುವಿ ನೋಡುವ ಸುಖ ಬೇಕಾದವರಿಗೆ ಸ್ಲ್ಯಾಬ್ ಅಡ್ಡಿಯೇ. 407 ಕಾರ್ಡಿನ 1952ರ ಸೆಟ್ಟನ್ನು ಸ್ಲ್ಯಾಬ್ ಮಾಡಿಸಿದರೆ ಒಂದು ಬೀರು ಬೇಕು. ಆದರೆ ಬೆಲೆಬಾಳುವ ಹತ್ತಿಪ್ಪತ್ತು ಕಾರ್ಡಿದ್ದು, ಮನೆಯಲ್ಲಿ ಬೇರೆ ಯಾರಿಗೂ ಇದರ ಗಂಧಗಾಳಿ ಇಲ್ಲ ಅಂದರೆ ಅವನ್ನಾದರೂ ಮಾಡಿಸಿಡಿ. ಇಲ್ಲದಿದ್ದರೆ ನಾಳೆ ಮಕ್ಕಳು ಡಬ್ಬ ಸಮೇತ ಗ್ಯಾರೇಜ್ ಸೇಲ್‌ಗೆ ಇಟ್ಟುಬಿಡಬಹುದು.

ಹಂತ 6: ಯಾವ ಕಂಪನಿ

ಪಿಎಸ್‌ಎ ಲೇಬಲ್‌ಗೆ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆ. ಎಸ್‌ಜಿಸಿ 1998ರದ್ದು. ಒಳಗೆ ಕಪ್ಪು ಚೌಕಟ್ಟು ಇರುತ್ತದೆ, ಟಿ206ರಂಥ ಕಾರ್ಡು ಅದರಲ್ಲಿ ಕಾಣುವಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ. ಯುದ್ಧಪೂರ್ವ ಕಾರ್ಡು ಕೂಡಿಡುವವರಿಗೆ ಅದರ ಮೇಲೆ ಒಳ್ಳೇ ಅಭಿಪ್ರಾಯವಿದೆ. ಮೇಲೆ ಹೇಳಿದ 1.26 ಕೋಟಿಯ ಮ್ಯಾಂಟಲ್ ಇದ್ದದ್ದೂ ಎಸ್‌ಜಿಸಿ ಸ್ಲ್ಯಾಬಿನಲ್ಲೇ. 2024ರ ಫೆಬ್ರುವರಿಯಲ್ಲಿ ಪಿಎಸ್‌ಎಯ ಮಾತೃಸಂಸ್ಥೆಯೇ ಎಸ್‌ಜಿಸಿಯನ್ನು ಕೊಂಡುಕೊಂಡಿತು. ಬೆಕೆಟ್‌ನವರು ಮಧ್ಯ, ಮೂಲೆ, ಅಂಚು, ಮೇಲ್ಮೈ ಅಂತ ನಾಲ್ಕು ಉಪ ಅಂಕ ಕೊಡುತ್ತಾರೆ. ಹೊಸ ಕಾರ್ಡಿನವರಿಗೆ ಅದು ಇಷ್ಟ. ಹಳೆಯದಕ್ಕೆ ಮೊದಲೆರಡರಲ್ಲಿ ಒಂದು ಸಾಕು ಅನ್ನುವುದು ನನ್ನ ಎಣಿಕೆ. ಹೆಸರೇ ಕೇಳದ ಕಂಪನಿ 9 ಕೊಟ್ಟರೂ ಕೊಳ್ಳುವವರು ರಾ ಕಾರ್ಡಿನ ಬೆಲೆಯನ್ನೇ ಕೊಡುತ್ತಾರೆ.

ಹಂತ 7: ಕಳಿಸುವುದು

ಆನ್‌ಲೈನ್ ಫಾರ್ಮ್ ತುಂಬುವಾಗ ಪ್ರತಿ ಕಾರ್ಡಿನ ಬೆಲೆ ನೀವೇ ಘೋಷಿಸಬೇಕು. ಆ ಬೆಲೆಯ ಮೇಲೆ ಫೀಸಿನ ದರ್ಜೆ. ಫೀಸು ಉಳಿಸಲು ಕಡಿಮೆ ಹೇಳಿದರೆ ಎರಡು ತೊಂದರೆ. ಕಾರ್ಡು ದಾರಿಯಲ್ಲಿ ಕಳೆದರೆ ಪರಿಹಾರ ಅಷ್ಟಕ್ಕೇ. ಅಂಕ ಬಂದ ಮೇಲೆ ಬೆಲೆ ದರ್ಜೆ ದಾಟಿದರೆ ಪಿಎಸ್‌ಎ ಹೆಚ್ಚುವರಿ ಫೀಸು ಹಾಕುತ್ತದೆ.

ಕೈ ತೊಳೆದು ಒಣಗಿಸಿ. ಕಾರ್ಡನ್ನು ತೆಳು ಪ್ಲಾಸ್ಟಿಕ್ ತೋಳಿಗೆ ಹಾಕಿ, ಅದನ್ನು ಕಾರ್ಡ್ ಸೇವರ್ ಅನ್ನುವ ಅರೆಗಟ್ಟಿ ಕವರಿಗೆ ಇಳಿಸಿ. ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವರಿನಿಂದ ತೆಗೆಯುವಾಗ ಮೂಲೆ ತಾಗುವ ಭಯ ಇರುವುದರಿಂದ ಅದು ಬೇಡ. ಕವರುಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ಅಲ್ಲಾಡದಷ್ಟು ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ. ಅದಕ್ಕೂ ಮೊದಲು ಎರಡೂ ಬದಿಯ ಸ್ಕ್ಯಾನ್ ತೆಗೆದಿಟ್ಟುಕೊಳ್ಳಿ. ಹೋದ ಕಾರ್ಡೇ ವಾಪಸ್ ಬಂತಾ, ಹೊಸ ಗಾಯ ಆಗಿದೆಯಾ ಅಂತ ಕೇಳಲು ಬೇರೆ ಸಾಕ್ಷಿ ಇರುವುದಿಲ್ಲ. ಇನ್ಶೂರೆನ್ಸ್ ಇಲ್ಲದೆ ಕಳಿಸಬೇಡಿ. ಅಮೆರಿಕದೊಳಗೆ ದುಬಾರಿ ಕಾರ್ಡಿಗೆ ಅಂಚೆಯ ರಿಜಿಸ್ಟರ್ಡ್ ಮೇಲ್ ನಿಧಾನ, ಆದರೆ ಭದ್ರ.

ಕಾರ್ಡು ಬೆಂಗಳೂರಲ್ಲೋ ಮೈಸೂರಲ್ಲೋ ಇದ್ದರೆ ಅಲ್ಲಿಂದಲೇ ಕೊರಿಯರ್ ಮಾಡುವ ಸಾಹಸ ಬೇಡ. ಹೋಗಿ ಬರುವ ಖರ್ಚು, ವಾಪಸ್ ಬರುವಾಗಿನ ಕಸ್ಟಮ್ಸ್ ಕಾಗದಪತ್ರ ಸೇರಿದರೆ ಐದನೇ ಹಂತದ ಲೆಕ್ಕ ತಲೆಕೆಳಗಾಗುತ್ತದೆ. ನಂಬಿಕಸ್ಥರು ಅಮೆರಿಕಕ್ಕೆ ಹೊರಟಾಗ ಕೊಟ್ಟು, ಅಲ್ಲಿಂದ ಕಳಿಸಿ, ಮಾರುವುದಾದರೆ ಅಲ್ಲೇ ಮಾರುವುದು ಸುಲಭ.

ಕಂಪನಿ ಹೇಳುವ ಗಡುವನ್ನು ಕಲ್ಲಿನ ಮೇಲಿನ ಬರಹ ಅಂದುಕೊಳ್ಳಬೇಡಿ. ಕೋವಿಡ್ ಕಾಲದಲ್ಲಿ ಕಾರ್ಡು ಎಷ್ಟು ಬಂದು ಬಿದ್ದವೆಂದರೆ 2021ರ ಮಾರ್ಚ್ ಕೊನೆಯಲ್ಲಿ ಪಿಎಸ್‌ಎ ಅಗ್ಗದ ದರ್ಜೆಗಳನ್ನೇ ನಿಲ್ಲಿಸಬೇಕಾಯಿತು.

ಹಂತ 8: ಬಂದ ಮೇಲೆ

ಲೇಬಲ್ಲಿನ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ ವರ್ಷ, ಹೆಸರು, ಅಂಕ ಎಲ್ಲ ಸರಿಯಿದೆಯಾ ನೋಡಿ. ಬೇರೆಯವರಿಂದ ಸ್ಲ್ಯಾಬ್ ಕೊಳ್ಳುವಾಗಲೂ ಇದನ್ನು ಬಿಡಬೇಡಿ. ಸ್ಲ್ಯಾಬನ್ನೇ ನಕಲು ಮಾಡಿ ಅಸಲಿ ನಂಬರ್ ಹಾಕುವವರಿದ್ದಾರೆ. ಸೈಟಿನಲ್ಲಿ ಫೋಟೋ ಇದ್ದರೆ ಕಾರ್ಡಿನ ಮೂಲೆ, ಕಲೆ, ಅಂಚನ್ನು ಅದಕ್ಕೆ ಹೋಲಿಸಿ.

ಅಂಕ ನಿರೀಕ್ಷೆಗಿಂತ ಕಡಿಮೆ ಬಂದರೆ ಕೂಡಲೇ ಮತ್ತೆ ಕಳಿಸುವ ಹಟ ಬೇಡ. ಮಸೂರ ಹಿಡಿದು ಅವರಿಗೆ ಕಂಡದ್ದೇನು ಹುಡುಕಿ. ಹೆಚ್ಚಿನ ಸಲ ಓರೆ ಬೆಳಕಿನಲ್ಲಿ ನೀವು ನೋಡದ ಸುಕ್ಕೊಂದು ಸಿಗುತ್ತದೆ. ಏನೂ ಸಿಗದೆ, ಮುಂದಿನ ಅಂಕಕ್ಕೂ ಇದಕ್ಕೂ ಬೆಲೆಯ ಅಂತರ ಇನ್ನೊಂದು ಫೀಸಿನ ಹಲವು ಪಟ್ಟು ಇದ್ದರೆ ಮಾತ್ರ ಎರಡನೇ ಪ್ರಯತ್ನ. ಕಳಿಸುವುದಾದರೆ ಸ್ಲ್ಯಾಬ್ ಸಮೇತ ಮರುಪರಿಶೀಲನೆಗೆ ಕಳಿಸಿ. ಮನೆಯಲ್ಲಿ ಸುತ್ತಿಗೆ ಹಿಡಿದು ಒಡೆಯಲು ಹೋದರೆ ಕಾರ್ಡಿಗೇ ಪೆಟ್ಟಾಗಬಹುದು.

ಕೊಂಡ ರಸೀದಿ, ಗ್ರೇಡಿಂಗ್ ಬಿಲ್ಲು, ಅಂಚೆ ಚೀಟಿ ಎಲ್ಲ ಒಂದೇ ಕಡೆ ಇಡಿ. ಅಮೆರಿಕದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಸಂಗ್ರಹದ ವಸ್ತುಗಳ ಲಾಭಕ್ಕೆ ಫೆಡರಲ್ ತೆರಿಗೆ 28%ವರೆಗೂ ಹೋಗಬಹುದು. ಶೇರಿನ ಲಾಭಕ್ಕಿಂತ ಇದು ಜಾಸ್ತಿ. ಮನೆಯ ಸಾಮಾನ್ಯ ಇನ್ಶೂರೆನ್ಸಿನಲ್ಲಿ ಇಂಥ ವಸ್ತುಗಳಿಗೆ ಮಿತಿ ಇರುವುದೇ ಹೆಚ್ಚು. ಬೇರೆ ಪಾಲಿಸಿ ಬೇಕಾ ಅಂತ ಏಜೆಂಟರನ್ನು ಕೇಳಿ, ಸ್ಲ್ಯಾಬ್ ನಂಬರುಗಳ ಪಟ್ಟಿಯನ್ನು ಅವರಿಗೂ ಒಂದು ಪ್ರತಿ ಕೊಡಿ.